ಬಿಳಿ ಚೌಕವಿಲ್ಲದ ಸಾಲು

ನನ್ನ ಕೆಲಸ ಕಚ್ಚುವುದು. ಒದೆಯುವುದು, ಉಗಿಯುವುದು, ಕೂದಲು ಜಗ್ಗುವುದು, ಎದೆ ಬಡಿದುಕೊಂಡು ಕೂಗುವುದು ಇವೂ ಉಂಟು. ಆದರೆ ನೌಕಾಪಡೆಯವರು ನನ್ನನ್ನು ನೆನಪಿಟ್ಟುಕೊಂಡಿದ್ದು ಕಚ್ಚುವುದಕ್ಕೆ. ಅರವತ್ತೆಂಟು ವಯಸ್ಸಿಗೆ ನನ್ನ ಒಂದು ಹಲ್ಲೂ ಬಿದ್ದಿರಲಿಲ್ಲ.

ಹಡಗಿನವರು ಸಮುದ್ರದಲ್ಲಿ ಅನುಮಾನದ ದೋಣಿ ಕಂಡರೆ ಅದನ್ನು ತಡೆದು, ಹತ್ತಿ, ಶೋಧಿಸಬೇಕು. ದೋಣಿಯಲ್ಲಿರುವವರು ಸುಮ್ಮನೆ ಕೈ ಎತ್ತಿ ನಿಲ್ಲುವುದಿಲ್ಲ. ಭಾಷೆ ತಿಳಿಯದು, ಹೆದರಿರುತ್ತಾರೆ, ಮೈಮೇಲೆ ಬೀಳುತ್ತಾರೆ. ಅಂಥವರನ್ನು ಹಿಡಿಯುವುದನ್ನು ಸೈಲರ್‌ಗಳು ದಡದಲ್ಲೇ ಅಭ್ಯಾಸ ಮಾಡಿಕೊಳ್ಳಬೇಕು. ಅದಕ್ಕೆ ಇಂಗ್ಲಿಷ್ ಬಾರದ, ಸುಲಭಕ್ಕೆ ಬಗ್ಗದ ಜನ ಬೇಕು. ಹಾಗೆ ಜನ ಒದಗಿಸುವ ಏಜೆನ್ಸಿಯೊಂದು ಸಿಡ್ನಿಯಲ್ಲಿದೆ ಎಂದು, ಅದೇ ಊರಿನ ಅಂಚಿನ, ಮಗಳ ಮನೆಯಿರುವ ಸ್ಕೋಫೀಲ್ಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಹೆಂಗಸು ಹೇಳಿದಳು. ನನಗೆ ಆ ದೇಶದಲ್ಲೇ ನೆಲೆಸಿ ದುಡಿಯಬಹುದಾದ ಪಿಆರ್ ಬಂದಿತ್ತು. ಹೋಗಿ ಹೆಸರು ಕೊಟ್ಟೆ.

ಮಗಳು ಕೂಗಾಡಿದಳು. "ಅಮ್ಮಾ, ಈ ವಯಸ್ಸಲ್ಲಿ ಹೊಡೆದಾಡೋಕೆ ಹೋಗ್ತೀಯಾ? ಜನ ಏನಂತಾರೆ?"

"ಯಾವ ಜನಾನೇ? ಈ ಬೀದೀಲಿ ಹಗಲೊತ್ತು ಒಂದು ನಾಯಿನೂ ಇರಲ್ಲ."

"ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರು ನಾನು."

"ನಿಮ್ಮಪ್ಪ ಮೂವತ್ತು ವರ್ಷ ಬಡಿದ. ಮುರೀಲಿಲ್ಲ. ಇವರು ಮುರೀತಾರಾ?"

ಮಗಳು ಎದ್ದು ಒಳಗೆ ಹೋದಳು. ಅವಳಿಗೂ ಅದೆಲ್ಲ ನೆನಪಿದೆ.

ಹಡಗು ಸಿಡ್ನಿಯ ಬಂದರಿನ ಕಟ್ಟೆಗೆ ಕಟ್ಟಿಕೊಂಡು ನಿಂತಿರುತ್ತಿತ್ತು. ಅದರ ಪಕ್ಕಕ್ಕೆ ಒಂದು ಹಳೆ ದೋಣಿ. ನಾವು ಐದಾರು ಜನ ಆ ದೋಣಿಯಲ್ಲಿ ಕೂರಬೇಕು, ಸೈಲರ್‌ಗಳು ಹತ್ತಿ ಬಂದಾಗ ಜಗಳ ತೆಗೆಯಬೇಕು. ಯಾರು ಯಾವಾಗ ಏನು ಮಾಡಬೇಕೆಂದು ಪ್ರತಿಯೊಬ್ಬರಿಗೂ ಒಂದು ಕಾರ್ಡು ಕೊಡುತ್ತಿದ್ದರು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲವಾದ್ದರಿಂದ ನನ್ನ ಕಾರ್ಡಿನಲ್ಲಿ ಗಡಿಯಾರ ಬರೆದು, ಪಕ್ಕದಲ್ಲಿ ಚಿತ್ರ ಬರೆದಿರುತ್ತಿದ್ದರು. ತೆರೆದ ಬಾಯಿ ಎಂದರೆ ಕೂಗು. ಕಾಲು ಎಂದರೆ ಒದೆ. ಹಲ್ಲಿನ ಸಾಲು ಎಂದರೆ ಕಚ್ಚು. ಸೈಲರ್‌ಗಳು ಎಡತೋಳಿಗೆ ದಪ್ಪನೆಯ ಪ್ಯಾಡ್ ಕಟ್ಟಿರುತ್ತಾರೆ. ಎಡತೋಳನ್ನು ಎಷ್ಟು ಬೇಕಾದರೂ ಕಚ್ಚಬಹುದು, ಬೇರೆ ಕಡೆ ಬಾಯಿ ಹಾಕಬಾರದು. ಇನ್ನೊಂದು ನಿಯಮ: ಯಾರಿಗಾದರೂ ನಿಜವಾಗಿ ಪೆಟ್ಟಾದರೆ "ಸೇಫ್‌ಗಾರ್ಡ್" ಎಂದು ಕೂಗಬೇಕು. ಆ ಮಾತು ಯಾರ ಬಾಯಿಂದ ಬಂದರೂ ಎಲ್ಲರೂ ಕೈ ಬಿಟ್ಟು ನಿಲ್ಲಬೇಕು. ಬೇರೆ ಏನು ಅರಚಿದರೂ ಅದು ನಟನೆ ಎಂದೇ ಲೆಕ್ಕ.

ಮೊದಲ ದಿನ ನಾಲ್ಕು ಜನ ದೋಣಿಗೆ ಹಾರಿದರು. ಒಬ್ಬ ನನ್ನ ರಟ್ಟೆ ಹಿಡಿದ. ನಾನು ಅವನ ಮುಖಕ್ಕೆ ಉಗಿದೆ.

"ಮುಟ್ಟಬೇಡ್ವೋ, ನಿನ್ನ ವಂಶ ನಿರ್ವಂಶ ಆಗ! ಕೈಗೆ ಕರಿನಾಗರ ಕಚ್ಚ! ನಿಮ್ಮಪ್ಪನ ಮನೆ ದೋಣಿಯೇನೋ ಇದು, ಬೇವರ್ಸಿ!"

ಮೇಲೆ ಹಡಗಿನ ಕಂಬಿ ಹಿಡಿದು ನಿಂತಿದ್ದ ಒಬ್ಬಳು ಕಿಸಕ್ಕೆಂದು ನಕ್ಕಳು. ಸಮವಸ್ತ್ರ, ಕೈಯಲ್ಲಿ ಸ್ಟಾಪ್‌ವಾಚು. ಸುಮಾರು ಮೂವತ್ತೆರಡು ವಯಸ್ಸು, ಎಣ್ಣೆಗಪ್ಪು ಬಣ್ಣ, ಬಿಗಿಯಾಗಿ ಕಟ್ಟಿದ ತುರುಬು. ಡ್ರಿಲ್ ಮುಗಿದ ಮೇಲೆ ಇಳಿದು ಬಂದಳು.

"ಆಂಟಿ, ನಿರ್ವಂಶ ಅಂದ್ರಲ್ಲ, ನಮ್ಮಜ್ಜಿ ಹಾಲಿನವನಿಗೆ ಡೈಲಿ ಹಾಗೇ ಬೈತಿದ್ರು. ಪ್ಲೀಸ್, ಸ್ಟಾಪ್ ಮಾಡಬೇಡಿ. ಮೈ ಬಾಯ್ಸ್ ನೀಡ್ ಇಟ್."

ಅವಳ ಅಪ್ಪ ಅಮ್ಮ ಮೈಸೂರಿನ ಡಾಕ್ಟರುಗಳು, ಮೆಲ್ಬರ್ನ್‌ನಲ್ಲಿ ನೆಲೆಸಿದವರು. ಇವಳು ಅಲ್ಲೇ ಹುಟ್ಟಿ ನೇವಿ ಸೇರಿದವಳು. ಹಡಗಿನಲ್ಲಿ ಅವಳ ಕೆಲಸ ತರಬೇತಿಯ ವೇಳಾಪಟ್ಟಿ ಹಾಕುವುದು. ಯಾವ ಸೈಲರ್ ಯಾವತ್ತು ಏನು ಕಲಿಯಬೇಕು, ಯಾರ ಸರ್ಟಿಫಿಕೇಟು ಯಾವಾಗ ಮುಗಿಯುತ್ತದೆ, ಯಾರ ಜಾಗಕ್ಕೆ ಯಾರು, ಎಲ್ಲ ಇವಳ ತಲೆಮೇಲೆ. ನನ್ನ ಕಾರ್ಡಿನ ಚಿತ್ರ ಬರೆಯುತ್ತಿದ್ದವಳೂ ಇವಳೇ. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಮಾತಾಡುವಾಗ ಅರ್ಧ ಇಂಗ್ಲಿಷ್.

ಒಂದು ದಿನ ಮಳೆ ಬಂದು ಡ್ರಿಲ್ ತಡವಾಯಿತು. ಟೀ ಕುಡಿಯಿರಿ ಎಂದು ಹಡಗಿನ ಒಳಗಿನ ತನ್ನ ಕೋಣೆಗೆ ಕರೆದುಕೊಂಡು ಹೋದಳು. ಕಬ್ಬಿಣದ ಗೂಡು, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಒಂದು ಗೋಡೆ ಪೂರ್ತಿ ಬೋರ್ಡು. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಜನ, ನಡುವೆ ಬಣ್ಣದ ಚೌಕಗಳು. ಕೆಂಪು ಬೆಂಕಿ ಆರಿಸುವುದಕ್ಕೆ, ನೀಲಿ ಹಡಗು ಸೋರಿದರೆ ಮುಚ್ಚುವುದಕ್ಕೆ, ಹಸಿರು ದೋಣಿ ಹತ್ತುವುದಕ್ಕೆ, ಹಳದಿ ಗಾಯ ಕಟ್ಟುವುದಕ್ಕೆ. ಬಿಳಿ ಎಂದರೆ ಏನೂ ಇಲ್ಲ, ವಿಶ್ರಾಂತಿ.

ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಅರವತ್ತು ಮಷೀನಿನ ಲೈನಿಗೆ ನಾನು ಸೂಪರ್‌ವೈಸರ್ ಆಗಿದ್ದೆ. ಕಾಲರ್ ಯಾರಿಗೆ ಬರುತ್ತದೆ, ಕಫ್ ಯಾರಿಗೆ, ಒಬ್ಬಳು ಬಾರದಿದ್ದರೆ ಯಾರನ್ನು ಎಲ್ಲಿಂದ ಎಬ್ಬಿಸಿ ಎಲ್ಲಿ ಕೂರಿಸಬೇಕು, ಇದೇ ನನ್ನ ಹದಿನೆಂಟು ವರ್ಷ. ನಾನು ಬೋರ್ಡನ್ನು ಮೇಲಿಂದ ಕೆಳಗೆ ನೋಡಿದೆ. ಏಳನೇ ಸಾಲಿನಲ್ಲಿ ಕಣ್ಣು ನಿಂತಿತು. ಕೆಂಪು, ಹಸಿರು, ಹಸಿರು, ಹಳದಿ, ಕೆಂಪು. ಬೆರಳಿಟ್ಟು ಎಣಿಸಿದೆ. ಇಪ್ಪತ್ತಮೂರು ದಿನ, ಒಂದೂ ಬಿಳಿ ಇರಲಿಲ್ಲ.

"ಇದ್ಯಾರು?"

"ಅವನಾ? ಕೆಂಪು ಗಡ್ಡ ಇಲ್ವಾ, ದೊಡ್ಡೋನು. ಹೀ ಈಸ್ ಮೈ ಬೆಸ್ಟ್. ಎಲ್ಲಾ ಸರ್ಟಿಫಿಕೇಟೂ ಇದೆ ಅವನ ಹತ್ರ."

ನನಗೆ ಅವನು ಗೊತ್ತಿದ್ದ. ನಲವತ್ತರ ಹತ್ತಿರದವನು, ಬಾಗಿಲು ತುಂಬುವ ಆಳು. ಡ್ರಿಲ್ಲಿನಲ್ಲಿ ನನ್ನನ್ನು ನೆಲಕ್ಕೆ ಕೆಡವಿ, ಕೈ ಹಿಂದಕ್ಕೆ ಕಟ್ಟಿ, ಮುಗಿದ ಕೂಡಲೇ ಎಬ್ಬಿಸಿ ಸೀರೆಯ ಧೂಳು ಕೊಡವುತ್ತಿದ್ದ. "ಯೂ ರೈಟ್, ಲವ್?" ಎಂದು, ಪೆಟ್ಟಾಗಲಿಲ್ಲ ತಾನೇ ಎನ್ನುವ ಹಾಗೆ, ಕೇಳುತ್ತಿದ್ದ. ಹಿಂದಿನ ವಾರದಿಂದ ಕೇಳುವುದನ್ನು ಬಿಟ್ಟಿದ್ದ. ಸಿಡ್ನಿಯದೇ ಲಿವರ್‌ಪೂಲ್‌ನಿಂದ ನಮ್ಮ ದೋಣಿಗೆ ಬರುವ ಲೆಬನಾನಿನ ಹೆಂಗಸಿನ ಮಣಿಕಟ್ಟು ತಿರುಚಿ ಊದಿಸಿದ್ದ. ಹೊಡೆತ ತಿಂದು ಬೆಳೆದ ಮೈಗೆ ಹಿಡಿತದಲ್ಲಿನ ವ್ಯತ್ಯಾಸ ತಿಳಿಯುತ್ತದೆ. ಅವನ ಹಿಡಿತದಲ್ಲಿ ಎಷ್ಟು ಬಲ ಸಾಕು ಎಂಬ ಲೆಕ್ಕ ತಪ್ಪಿತ್ತು.

"ಇವನಿಗೆ ಎರಡು ಬಿಳಿ ಹಾಕು," ಎಂದೆ.

"ಎಲ್ಲಿ ಹಾಕ್ಲಿ ಆಂಟಿ? ಪ್ರತಿ ಡ್ರಿಲ್ಲಿಗೂ ಒಬ್ಬ ಸರ್ಟಿಫಿಕೇಟ್ ಇರೋನು ನಿಂತಿರಲೇಬೇಕು. ಮಿಕ್ಕವರದ್ದು ಎಕ್ಸ್‌ಪೈರ್ ಆಗಿದೆ. ಅವನನ್ನ ತೆಗೆದ್ರೆ ನಾಲ್ಕು ಡ್ರಿಲ್ ನಿಂತುಹೋಗುತ್ತೆ. ಮುಂದಿನ ಗುರುವಾರ ಮೆಲ್ಬರ್ನ್‌ನಲ್ಲಿ ಪರೀಕ್ಷೆ."

"ತಡ ಆದ್ರೆ?"

"ಶಿಪ್ಪು ಲೇಟು. ಲೇಟಾದ್ರೆ ನನ್ನ ಪೋಸ್ಟಿಂಗೂ ಹೋಯ್ತು." ಟೀ ಕಪ್ಪನ್ನು ಕೆಳಗಿಟ್ಟಳು. "ಈ ಟೀಮ್ ಪಾಸಾದ್ರೆ ನಂಗೆ ಮೆಲ್ಬರ್ನ್‌ನಲ್ಲಿ ದಡದ ಕೆಲಸ. ಹಸ್ಬೆಂಡ್, ಮಗಳು ಅಲ್ಲೇ ಇರೋದು. ಮಗಳಿಗೆ ನಾಲ್ಕು ವರ್ಷ. ಅದ್ರಲ್ಲಿ ನಾನು ಮನೇಲಿದ್ದಿದ್ದು ಹದಿನಾಲ್ಕು ತಿಂಗಳು. ಇದು ತಪ್ಪಿದ್ರೆ ಮತ್ತೆ ಒಂದು ವರ್ಷ ಸಮುದ್ರ."

ನಾನು ಅವಳಿಗೆ ರವಿಕೆಯ ತೋಳು ಸರಿಸಿ ಭುಜ ತೋರಿಸಿದೆ. ಅಲ್ಲೊಂದು ಗುಳಿ ಇದೆ, ಹುಣಸೆಬೀಜದಷ್ಟು.

"ಇದೇನು? ಆಪರೇಷನ್ನಾ?"

"ಕತ್ತರಿ."

ನನ್ನ ಲೈನಿನಲ್ಲೂ ಎಲ್ಲ ಮಷೀನು ಬಲ್ಲವಳು ಒಬ್ಬಳಿದ್ದಳು. ಶಿಪ್‌ಮೆಂಟ್ ಹೊತ್ತು. ಎಲ್ಲಿ ಖಾಲಿ ಬಿದ್ದರೂ ಅವಳನ್ನೇ ಕೂರಿಸಿದೆ. ಹನ್ನೊಂದು ದಿನ. ಊಟಕ್ಕೂ ಸರಿಯಾಗಿ ಬಿಡಲಿಲ್ಲ. ಹನ್ನೆರಡನೆಯ ದಿನ ಒಂದು ಜೇಬು ಸೊಟ್ಟಗೆ ಹೊಲಿದಳು. ನಾನು ಎಲ್ಲರ ಎದುರಿಗೆ ಅವಳ ಕೆನ್ನೆಗೆ ಬಾರಿಸಿದೆ. ಆಗ ಅದು ನಮ್ಮಲ್ಲಿ ನಡೆಯುತ್ತಿತ್ತು. ನನಗೂ ಮ್ಯಾನೇಜರು ಹೊಡೆಯುತ್ತಿದ್ದ. ಅವಳು ಎದ್ದಳು, ದಾರ ಕತ್ತರಿಸುವ ಕತ್ತರಿಯನ್ನು ನನ್ನ ಭುಜಕ್ಕೆ ಚುಚ್ಚಿದಳು. ಮೂಳೆಗೆ ತಾಗಿ ನಿಂತಿತು. ಅವಳು ಮತ್ತೆ ಕೂತು ಮಷೀನು ತುಳಿಯತೊಡಗಿದಳು. ಪೊಲೀಸರು ಬಂದು ಜಡೆ ಹಿಡಿದು ಎಳೆದುಕೊಂಡು ಹೋಗುವಾಗಲೂ ಅವಳ ಕಾಲು ತುಳಿಯುತ್ತಲೇ ಇತ್ತು. ಯಾಕೆ ಚುಚ್ಚಿದಳು ಎಂದು ಇನ್ಸ್‌ಪೆಕ್ಟರು ನನ್ನನ್ನು ಕೇಳಿದ. ತಲೆ ಕೆಟ್ಟಿದೆ ಸಾರ್ ಎಂದೆ. ಅವಳಿಗೆ ಎರಡು ವರ್ಷ ಜೈಲಾಯಿತು. ಲೈನಿಗೆ ಜನ ಹಾಕಿದವರು ಯಾರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೇವಿಯ ಹುಡುಗಿ ಕೇಳಿಸಿಕೊಂಡಳು. ಬೋರ್ಡಿನ ಕಡೆ ತಿರುಗಿ ಏಳನೇ ಸಾಲನ್ನು ತುಂಬ ಹೊತ್ತು ನೋಡಿದಳು. ಒಂದು ಕೆಂಪು ಚೌಕ ಕಿತ್ತಳು. ಮತ್ತೆ ಅಲ್ಲೇ ಅಂಟಿಸಿದಳು.

"ಒಂದೇ ವಾರ ಆಂಟಿ. ಪರೀಕ್ಷೆ ಮುಗಿದ ತಕ್ಷಣ ಅವನಿಗೆ ಹತ್ತು ದಿನ ಲೀವ್ ಕೊಡಿಸ್ತೀನಿ."

ಟೀ ಮುಗಿಸಿ ಮೇಲೆ ಹೋದೆ, ಕಾರ್ಡಿನಲ್ಲಿದ್ದಷ್ಟು ಒದ್ದೆ, ಕಚ್ಚಿದೆ, ರೈಲು ಹತ್ತಿ ಮನೆಗೆ ಹೋದೆ.

ಮೆಲ್ಬರ್ನ್‌ಗೆ ನಮ್ಮನ್ನು ವಿಮಾನದಲ್ಲಿ ಕರೆದುಕೊಂಡು ಹೋದರು. ಅಲ್ಲಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಗಾಳಿ ಮುಖದ ಚರ್ಮ ಸುಲಿಯುವ ಹಾಗೆ ಬೀಸುತ್ತಿತ್ತು. ತರಬೇತಿ ನೆಲೆಯಲ್ಲಿ ಹಡಗಿನ ಒಳಭಾಗದ ಹಾಗೇ ಕಬ್ಬಿಣದ ಕೋಣೆಗಳನ್ನು ಕಟ್ಟಿದ್ದರು. ಪರೀಕ್ಷೆ ಮಾಡುವವರು ಮೂವರು, ಬರೆದುಕೊಳ್ಳುವ ರಟ್ಟು ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಹುಡುಗಿ ಅವರ ಪಕ್ಕದಲ್ಲಿ ಸ್ಟಾಪ್‌ವಾಚು ಹಿಡಿದು ನಿಂತಿದ್ದಳು. ಕೋಣೆಗೆ ಹೊಗೆ ಬಿಟ್ಟರು. ನಾಟಕದ ಹೊಗೆ, ಕೆಮ್ಮು ಬರುವುದಿಲ್ಲ, ಆದರೆ ಮೊಣಕೈಯಾಚೆಗೆ ಏನೂ ಕಾಣುವುದಿಲ್ಲ.

ಗಡ್ಡದವನು ಅವತ್ತು ಬೆಳಿಗ್ಗೆ ಅದೇ ನೆಲೆಯಲ್ಲಿ ಹೊಸಬರಿಗೆ ಬೆಂಕಿಯ ಡ್ರಿಲ್ ಮಾಡಿಸಿ ನೇರ ಇಲ್ಲಿಗೆ ಬಂದಿದ್ದ. ಅದೂ ಬೋರ್ಡಿನಲ್ಲಿತ್ತು, ಕೆಂಪಿನ ಪಕ್ಕ ಹಸಿರು. ನಾನು ಕೋಣೆಯೊಳಗೆ ಹೋಗುವ ಮೊದಲು ಅವನನ್ನು ನೋಡಿದೆ. ಕಣ್ಣು ಕೆಂಡದ ಹಾಗಿತ್ತು, ಹುಬ್ಬಿನಲ್ಲಿ ಮಸಿ. ನನ್ನನ್ನು ನೋಡಿದ, ಗುರುತು ಹಿಡಿಯಲಿಲ್ಲ.

ಬಾಗಿಲು ಒದ್ದುಕೊಂಡು ಬಂದರು. ನಾನು ಶುರು ಮಾಡಿದೆ. "ಬನ್ರೋ ಬನ್ನಿ, ನಿಮ್ಮ ಕಾಲು ಸೇದಿಹೋಗ! ಹೆಂಗಸಿನ ಮೈ ಮೇಲೆ ಬೀಳೋಕೆ ನಾಲ್ಕು ಜನ ಬೇಕೇನ್ರೋ ನಿಮಗೆ?" ಒಬ್ಬನ ಮೊಣಕಾಲಿಗೆ ಒದ್ದೆ. ಒಬ್ಬನ ಕಿವಿ ಹಿಡಿದು ಜಗ್ಗಿದೆ. ಗಡ್ಡದವನು ನನ್ನನ್ನು ಎಡತೋಳಿನಲ್ಲಿ ಸುತ್ತಿ ಎತ್ತಿದ. ಗಂಟೆ ಹನ್ನೊಂದಾಗಿರಬೇಕು, ಹಲ್ಲಿನ ಸಾಲಿನ ಹೊತ್ತು. ಕಚ್ಚಿದೆ.

ಪ್ಯಾಡು ಇರಲಿಲ್ಲ. ದಣಿದವನು ಪ್ಯಾಡನ್ನು ಬಲತೋಳಿಗೆ ಕಟ್ಟಿಕೊಂಡಿದ್ದ. ಹೊಗೆಯಲ್ಲಿ ನನಗೆ ಕಾಣಲಿಲ್ಲ. ನಾನು ಎಂದಿನ ಹಾಗೆ ದವಡೆಯ ಪೂರ್ತಿ ಬಲ ಹಾಕಿದ್ದೆ. ಬಟ್ಟೆ ಹರಿದು ಹಲ್ಲು ಮಾಂಸಕ್ಕೆ ಇಳಿಯಿತು. ಬಾಯಿ ತುಂಬ ಬಿಸಿ ರಕ್ತ.

ಅವನು ಹಸುವಿನ ಹಾಗೆ ಒಂದು ಸದ್ದು ಮಾಡಿದ. ಆಮೇಲೆ ಅವನ ಕೈ ನನ್ನ ಗಂಟಲಿಗೆ ಬಂತು. ತಲೆ ಕಬ್ಬಿಣದ ಗೋಡೆಗೆ ಬಡಿಯಿತು, ಒಮ್ಮೆ, ಇನ್ನೊಮ್ಮೆ. ಕಾಲು ನೆಲ ಬಿಟ್ಟಿತು. ನಾನು ಆ ಒಂದು ಮಾತನ್ನು ಹೇಳಲು ನೋಡಿದೆ. ಗಾಳಿ ಇದ್ದರಲ್ಲವೇ ಮಾತು. ಅವನ ಮುಖ ನನ್ನ ಮುಖದ ಹತ್ತಿರವೇ ಇತ್ತು. ಆ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ನಾನು ಅವನ ಕಣ್ಣಿಗೆ ಉಗುರು ಹಾಕಿದೆ. ಅವನು ಅಲುಗಲಿಲ್ಲ.

ಪಕ್ಕದಲ್ಲಿ ಯಾರೋ ನಗುತ್ತಿದ್ದರು. ಮುದುಕಿ ಇವತ್ತು ಚೆನ್ನಾಗಿ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು. ನಾನು ಮೂರ್ಛೆ ಹೋದಂತೆ ಮಾಡುವುದೂ ಅವರಿಗೆ ಹಳತೇ. ಪರೀಕ್ಷೆಯವರು ಬರೆದುಕೊಳ್ಳುತ್ತಲೇ ಇದ್ದರಂತೆ.

"ಸೇಫ್‌ಗಾರ್ಡ್! ಸೇಫ್‌ಗಾರ್ಡ್! ಸೇಫ್‌ಗಾರ್ಡ್!"

ಕೂಗಿದವಳು ಹುಡುಗಿ. ಹೊಗೆಯಲ್ಲಿ ಅವಳಿಗೂ ಏನೂ ಕಂಡಿರಲಿಲ್ಲ. ನನ್ನ ಬೈಗುಳ ನಿಂತದ್ದನ್ನು ಕೇಳಿಸಿಕೊಂಡು ಕೂಗಿದಳಂತೆ. ಮೂರ್ಛೆ ಹೋಗುವ ನಟನೆಯಲ್ಲೂ ನಾನು ಗೊಣಗುತ್ತಿರುತ್ತೇನೆ ಎಂದು ಅವಳೊಬ್ಬಳಿಗೆ ಗೊತ್ತಿತ್ತು.

ಅವನ ಕೈ ಬಿಡಿಸಲು ಮೂವರು ಬೇಕಾದರು. ಒಬ್ಬ ಅವನ ಕಿವಿಯ ಹಿಂದೆ ಮುಷ್ಟಿಯಿಂದ ಗುದ್ದಿದ. ಬಿಡಿಸಿದ ಮೇಲೆ ಅವನು ಮೂಲೆಯಲ್ಲಿ ಕುಸಿದು ಕೂತು ತನ್ನ ಎರಡೂ ಕೈ ನೋಡಿಕೊಂಡ. ತೋಳಿನಿಂದ ರಕ್ತ ಸುರಿಯುತ್ತಿತ್ತು. ನಾನು ಅವನ ಅಂಗಿಯ ದಾರವನ್ನು ಹಲ್ಲಿನ ಸಂದಿನಿಂದ ಕಿತ್ತು ಉಗಿದೆ.

ಪರೀಕ್ಷೆ ಅಲ್ಲಿಗೆ ನಿಂತಿತು. ಹಡಗಿನ ಕಮಾಂಡರು ನನ್ನನ್ನು ಒಂದು ಆಫೀಸಿನಲ್ಲಿ ಕೂರಿಸಿದರು. ತೆಳ್ಳಗಿನ ಮನುಷ್ಯ, ಮೆಲ್ಲಗೆ ಮಾತಾಡುವವರು. ಆಂಬುಲೆನ್ಸ್ ದಾರಿಯಲ್ಲಿತ್ತು. ಅಷ್ಟರೊಳಗೆ ಅವರಿಗೆ ಒಂದು ವಿಷಯ ತಿಳಿಯಬೇಕಿತ್ತು: ಆ ಮನುಷ್ಯನನ್ನು ಪೊಲೀಸಿಗೆ ಕೊಡುವುದೋ ಬೇಡವೋ. ಫೋನಿನಲ್ಲಿ ಕನ್ನಡ ದುಭಾಷಿ ಸಿಗಲು ಮಧ್ಯಾಹ್ನವಾಗುತ್ತದೆ ಎಂದರಂತೆ. ಪೂರ್ತಿ ಹೇಳಿಕೆ ಆಮೇಲೆ ಬರೆಸಿಕೊಳ್ಳೋಣ, ಸದ್ಯಕ್ಕೆ ಇವಳೇ ತಿಳಿಸಲಿ ಎಂದು ಹುಡುಗಿಯನ್ನು ನನ್ನ ಪಕ್ಕ ಕೂರಿಸಿದರು. ಆ ಹಡಗಿನಲ್ಲಿ ಕನ್ನಡ ತಿಳಿದವಳು ಅವಳೊಬ್ಬಳೇ.

ನನ್ನ ಗಂಟಲಿನಿಂದ ಸೀಟಿಯಂಥ ಸದ್ದು ಬರುತ್ತಿತ್ತು. ಒಂದೊಂದೇ ಮಾತು ಹೇಳಿದೆ.

"ಅವನು ನನ್ನ ಕುತ್ತಿಗೆ ಹಿಸುಕಿದ. ಸಾಯಿಸ್ತಿದ್ದ. ಸುಳ್ಳಲ್ಲ."

ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. ಕಮಾಂಡರು ಬರೆದುಕೊಂಡರು.

"ನಾನು ಮೊದಲು ಕಚ್ಚಿದೆ. ಮಾಂಸ ಬರೋ ಹಾಗೆ. ಪ್ಯಾಡ್ ತಪ್ಪು ಕೈಗಿತ್ತು."

ಅದನ್ನೂ ಹೇಳಿದಳು.

"ಪ್ಯಾಡ್ ಯಾಕೆ ತಪ್ಪು ಕೈಗೆ ಕಟ್ಕೊಂಡ ಅಂದ್ರೆ, ಇಪ್ಪತ್ತೊಂಬತ್ತು ದಿನದಿಂದ ಅವನಿಗೆ ಒಂದು ದಿನ ಬಿಡುವಿಲ್ಲ. ಅವನ ಸಾಲಲ್ಲಿ ಒಂದೂ ಬಿಳಿ ಚೌಕ ಇಲ್ಲ. ಬೋರ್ಡ್ ತರಿಸಿ ನೋಡಿ. ಬೋರ್ಡ್ ಮಾಡಿದೋಳು ಇವಳು."

ಹುಡುಗಿ ಇದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಕಮಾಂಡರು ತಲೆ ಎತ್ತಿದರು.

"ಆಂಟಿ," ಎಂದಳು ಮೆಲ್ಲಗೆ, ಅವರ ಕಡೆಗೇ ನೋಡುತ್ತ, "ನಿಜವಾಗ್ಲೂ ಇದನ್ನ ಹೇಳ್ಬೇಕಾ?"

"ಹೇಳು."

"ನನ್ನ ಮಗಳು..."

"ಗೊತ್ತು. ಹೇಳು."

ಅವಳು ಎರಡು ಮಾತು ಹೇಳಿದಳು. ಟಯರ್ಡ್ ಎಂಬ ಮಾತು ಕೇಳಿಸಿತು. ಕಮಾಂಡರು ತಲೆಯಾಡಿಸಿ ಬರೆದುಕೊಂಡರು. ಇಂಗ್ಲಿಷ್ ನನಗೆ ಬಾರದು, ಆದರೆ ಅಂಗಡಿಯ ಇಂಗ್ಲಿಷ್ ಬರುತ್ತದೆ, ಬಣ್ಣಗಳ ಹೆಸರು ಬರುತ್ತವೆ.

"ವೈಟ್ ಅನ್ಲಿಲ್ಲ ನೀನು," ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಸುಮ್ಮನಿರಿ ಆಂಟಿ, ಪ್ಲೀಸ್."

"ವೈಟ್ ಅನ್ಲಿಲ್ಲ. ಬೋರ್ಡ್ ಅನ್ಲಿಲ್ಲ. ಅವನು ಸುಮ್ಮನೆ ದಣಿದಿದ್ದ ಅಂದಿದೀಯ. ದಣಿದೋನು ಅಂದ್ರೆ ಜೈಲಿಗೆ ಹಾಕ್ತಾರೆ ಕಣೆ ಅವನನ್ನ. ದಣಿಸಿದೋರು ಅಂದ್ರೆ ಯೋಚನೆ ಮಾಡ್ತಾರೆ."

ಕಮಾಂಡರು ಏನು ಎಂದು ಕೇಳಿದರು. ಹುಡುಗಿ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಒತ್ತಿ ಇಟ್ಟುಕೊಂಡಳು. ಕೈ ಎತ್ತಿದರೆ ನನಗೆ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ನಾನೂ ಬಿಡುತ್ತಿರಲಿಲ್ಲ.

"ಇವಳು ಗೊತ್ತಿದ್ದೂ ಹಾಕಿದಳಾ, ಗೊತ್ತಿಲ್ದೆ ಹಾಕಿದಳಾ, ಅದು ನನಗೆ ತಿಳೀದು," ಎಂದೆ. "ನನಗಂತೂ ಗೊತ್ತಿತ್ತು. ಗೊತ್ತಿದ್ದೂ ಕಚ್ಚೋಕೆ ಬಂದೆ. ಅದನ್ನೂ ಹೇಳು."

ಅವಳು ಹೇಳತೊಡಗಿದಳು. ಈ ಸಲ ನಿಧಾನವಾಗಿ, ನನಗೆ ತಿಳಿಯುವ ಹಾಗೆ. ಬೋರ್ಡ್. ಸೆವೆನ್. ಟ್ವೆಂಟಿನೈನ್ ಡೇಸ್. ನೋ ವೈಟ್. ಕಡೆಗೆ ನಾನು ಹೇಳದೆ ಇದ್ದದ್ದನ್ನು ಒಂದು ಸೇರಿಸಿದಳು. ಎದೆಗೆ ಕೈಯಿಟ್ಟುಕೊಂಡು, "ಐ ನ್ಯೂ, ಸರ್," ಎಂದಳು. "ಶೀ ಟೋಲ್ಡ್ ಮಿ. ಐ ನ್ಯೂ." ನಾನು ಹೇಳಿದ್ದೆ, ತನಗೆ ಗೊತ್ತಿತ್ತು ಎಂದು.

ಕಮಾಂಡರು ಪೆನ್ನು ಕೆಳಗಿಟ್ಟರು.

ಗಡ್ಡದವನನ್ನು ಪೊಲೀಸಿಗೆ ಕೊಡಲಿಲ್ಲ. ನಾನೂ ದೂರು ಕೊಡಲಿಲ್ಲ. ನನ್ನ ಮಗಳು ಲಾಯರ್ ಹಿಡಿಯೋಣ, ಕೇಸ್ ಹಾಕೋಣ ಎಂದು ಹಾರಾಡಿದಳು. ಹತ್ತು ದಿನ ಗಂಜಿ ಬಿಟ್ಟು ಏನೂ ಗಂಟಲಿನಲ್ಲಿ ಇಳಿಯಲಿಲ್ಲವಾದ್ದರಿಂದ ಎದುರು ಮಾತಾಡಲು ನನಗೆ ಆಗಲಿಲ್ಲ, ತಲೆ ಮಾತ್ರ ಅಲ್ಲಾಡಿಸಿದೆ. ಅವನನ್ನು ಹಡಗಿನಿಂದ ಇಳಿಸಿ ಮನೆಗೆ ಕಳಿಸಿದರು, ಡಾಕ್ಟರಿಗೆ ತೋರಿಸಿದರು, ಈಗ ಯಾವುದೋ ಉಗ್ರಾಣದಲ್ಲಿ ಕೆಲಸ ಮಾಡುತ್ತಾನಂತೆ. ತೋಳಿಗೆ ಒಂಬತ್ತು ಹೊಲಿಗೆ. ಹಡಗು ಐದು ವಾರ ತಡವಾಗಿ ಹೊರಟಿತು. ಅಷ್ಟರಲ್ಲಿ ಇನ್ನಿಬ್ಬರಿಗೆ ಎಲ್ಲ ಕಲಿಸಿದರು. ಮೊದಲೇ ಕಲಿಸಬಹುದಿತ್ತು.

ಅವತ್ತು ಆಸ್ಪತ್ರೆಯವರು ಎಕ್ಸ್‌ರೇ ತೆಗೆದು, ಏನೂ ಮುರಿದಿಲ್ಲ ಎಂದು ಬಿಟ್ಟ ಮೇಲೆ, ಸಂಜೆಯ ವಿಮಾನಕ್ಕೆ ನನ್ನನ್ನು ಬಿಡಲು ಹುಡುಗಿಯೇ ಬಂದಳು. ಮೆಲ್ಬರ್ನ್ ಏರ್‌ಪೋರ್ಟಿನವರೆಗೂ ಅವಳೇ ಕಾರು ಓಡಿಸಿದಳು. ದಡದ ಕೆಲಸ ಇನ್ನು ಇವಳಿಗಿಲ್ಲ ಎಂದು ಕಮಾಂಡರು ಊಟಕ್ಕೆ ಮೊದಲೇ ಹೇಳಿದ್ದರು. ಕಾರು ನಿಲ್ಲಿಸಿ, ನನ್ನ ಚೀಲ ಇಳಿಸಿ, ಬಾಗಿಲ ಹತ್ತಿರ ಕೇಳಿದಳು.

"ಆಂಟಿ, ನಾನು ಆ ವೈಟ್ ಬಿಟ್ಟೇ ಹೇಳಿದ್ರೆ ಏನಾಗ್ತಿತ್ತು?"

"ಅವನು ಜೈಲಿಗೆ ಹೋಗ್ತಿದ್ದ. ನೀನು ಮಗಳ ಹತ್ರ ಇರ್ತಿದ್ದೆ."

"ಅಷ್ಟೇನಾ?"

"ಅಷ್ಟೇ."

ಅವಳು ನನ್ನ ಕುತ್ತಿಗೆಯನ್ನು ನೋಡಿದಳು. ಬೆರಳಿನ ಗುರುತು ಆಗ ಕಪ್ಪಾಗತೊಡಗಿತ್ತು. ಚೀಲವನ್ನು ನನ್ನ ಕೈಗೆ ಕೊಟ್ಟಳು. ನೆಲೆಗೆ ಮರಳುವ ಮೊದಲು ಅವಳಿಗೆ ಮೂರು ಗಂಟೆ ಬಿಡುವಿತ್ತು. ಕಾರು ತಿರುಗಿಸಿಕೊಂಡು, ಇನ್ನೂ ಒಂದು ವರ್ಷ ಎಂದು ಮಗಳಿಗೆ ಹೇಳಲು ಹೋದಳು.